ತಬ್ಬಿಕೊಳ್ಳದೆ ಕೂತವರು

ಭೂಮಿ ಆಗಷ್ಟೇ ಒಲೆಯಿಂದ ಇಳಿಸಿದ ಹಾಗಿತ್ತು. ಬೆಟ್ಟಗಳು ಇನ್ನೂ ಗಟ್ಟಿಯಾಗಿರಲಿಲ್ಲ. ಎಲ್ಲಿ ನಿಲ್ಲಬೇಕು ಅಂತ ಚಂದ್ರನಿಗೂ ಗೊತ್ತಿರಲಿಲ್ಲ. ಆಗ ಕುದಿಯೋ ನೀರಿನ ಬುಗ್ಗೆಯಲ್ಲಿ, ಸಾಸಿವೆ ಧೂಳಿಗಿಂತ ಚಿಕ್ಕದಾದ ಒಂದು ಮನೆಯೊಳಗೆ, ನೂಲಿನವರು ಅನ್ನೋ ಜನ ಇದ್ದರು.

ನೂಲಿನವರು ಹುಟ್ಟೋವಾಗ ಬರೀ ಉದ್ದ ದಾರ. ಆಮೇಲೆ ತಾವೇ ಸುತ್ತಿ, ಮಡಚಿಕೊಂಡು ಒಂದು ಆಕಾರಕ್ಕೆ ಬರೋರು. ಕತ್ತರಿ ಹಾಗೆ ಮಡಚಿಕೊಂಡವನು ಕತ್ತರಿಸ್ತಿದ್ದ. ಸೌಟಿನ ಹಾಗೆ ಮಡಚಿಕೊಂಡವಳು ಕಲಕ್ತಿದ್ದಳು. ಮಡಿಕೆ ಇದ್ದರೆ ಕೆಲಸ, ಕೆಲಸ ನಡೆದರೆ ಮನೆ.

ಬಿಸಿಗೆ ಆ ಮಡಿಕೆ ಬಿಚ್ಚಿಹೋಗ್ತಿತ್ತು. ಅಷ್ಟೇ ಆಗಿದ್ದರೆ ಹೇಗೋ ಆಗ್ತಿತ್ತು. ಆದರೆ ನೂಲಿನವರದ್ದು ಒಂದು ಪದ್ಧತಿ: ಯಾರಾದರೂ ಬಿಚ್ಚಿಕೊಂಡರೆ ನೆಂಟರೆಲ್ಲ ಓಡಿಬಂದು ತಬ್ಬಿಕೊಂಡು ಅಳಬೇಕು. ತಬ್ಬಿದವರು ಅಂಟಿಕೊಳ್ಳೋರು. ಅವರಿಗಾಗಿ ಅಳೋಕೆ ಬಂದವರು ಅವರಿಗೆ ಅಂಟಿಕೊಳ್ಳೋರು. ಕೊನೆಗೆ ಒಂದು ಬಿಳೀ ಮುದ್ದೆ. ಅದರೊಳಗಿಂದ ಯಾರೂ ವಾಪಸ್ ಬಂದಿರಲಿಲ್ಲ.

ಆ ಮನೆಯಲ್ಲಿ ಕೆಂಚವ್ವ ಅಂತ ಒಬ್ಬಳಿದ್ದಳು. ಅವಳ ಅಮ್ಮ, ಗಂಡ, ತಂಗಿಯರು ಎಲ್ಲ ಹಾಗೇ ಹೋದರು. ಗಿಡ್ಡಮಾಮ ಅಂತೂ ಅಳೋರಿಗೆ ನೀರು ಕೊಡೋಕೆ ಹೋಗಿ, ಚೊಂಬಿನ ಸಮೇತ ಅಂಟಿಕೊಂಡ. ಕೆಂಚವ್ವ ಉಳಿದಿದ್ದು ಪ್ರತಿ ಸಲ ತಡವಾಗಿ ಬರ್ತಿದ್ದಕ್ಕೆ. "ಹೆತ್ತವ್ವ ಹೋದಾಗಲೂ ಹೊತ್ತಿಗೆ ಬರಲಿಲ್ಲ" ಅಂತ ಜನ ಆಡಿಕೊಂಡರು. ಆಡಿಕೊಂಡವರೂ ಈಗ ಮುದ್ದೆಯಲ್ಲಿದ್ದರು.

ಹತ್ತಿರದವರು ಅಂತ ಅವಳಿಗೆ ಉಳಿದಿದ್ದವಳು ಮಗಳು ಹೊನ್ನಿ ಒಬ್ಬಳೇ. ಸೌಟಿನ ಕೆಲಸದವಳು. ಒಂದು ದಿನ ಅವಳ ಮಡಿಕೆಯೂ ಸಡಿಲವಾಯ್ತು.

"ಬುಗ್ಗಣ್ಣ, ಸ್ವಲ್ಪ ತಣ್ಣಗಾಗೋ" ಅಂತ ಕೆಂಚವ್ವ ಬೇಡಿಕೊಂಡಳು.

"ಕೆಳಗೆ ಬೆಂಕಿ ಹಾಕೋನು ನಾನಲ್ಲವ್ವ" ಅಂದಿತು ಬುಗ್ಗೆ. "ಆದ್ರೆ ದಿನಾ ನೋಡ್ತೀನಿ. ನಾನು ಬಿಚ್ಚೋದು ಒಬ್ಬರನ್ನ. ಮುದ್ದೆ ಮಾಡೋದು ನೀವು."

ಅಷ್ಟರಲ್ಲಿ ನೆಂಟರ ಅಳು ಕೇಳಿಸ್ತು. "ಅಯ್ಯೋ ಹೊನ್ನೀ, ಬಂದ್ವಮ್ಮಾ!"

ಕೆಂಚವ್ವ ಅಡ್ಡ ನಿಂತಳು. "ಯಾರೂ ಮುಟ್ಟಬೇಡಿ."

"ಮುಟ್ಟದೆ ಹೆಂಗೇ ಅಳೋದು, ಕಲ್ಲು ಮನಸ್ಸಿನೋಳೇ?" ಅಂದಳು ಚಿಕ್ಕತ್ತೆ.

"ಕೂತ್ಕೊಂಡು ಅಳಿ ಅತ್ತೆ. ಸುತ್ತ, ದುಂಡಗೆ."

ಕೆಂಚವ್ವನೂ ಸೇರಿ ಎಂಟು ಜನ ಹೆಗಲಿಗೆ ಹೆಗಲು ಕೊಟ್ಟು ದುಂಡಗೆ ಕೂತರು. ಬಿಚ್ಚಿಕೊಂಡವಳನ್ನ ಯಾರೂ ಮುಟ್ಟದ್ದರಿಂದ ಅಂಟಲಿಲ್ಲ; ಒಬ್ಬರಿಗೊಬ್ಬರು ಒತ್ತಿ ಕೂತಿದ್ದಕ್ಕೆ ಅವರ ಮಡಿಕೆಗಳು ಬಿಗಿಯಾಗಿ ನಿಂತವು. ಜಾಗ ಸಾಲದೆ ಇನ್ನೆಂಟು ಜನ ಅವರ ಕೆಳಗೆ ತಲೆಕೆಳಗಾಗಿ ಕೂತರು. ಮೇಲೆ ಕೆಳಗೆ ಅನ್ನೋದೂ ಆಗಿನ್ನೂ ಗಟ್ಟಿಯಾಗಿರಲಿಲ್ಲ. ಒಂದರ ಮೇಲೊಂದು ಎರಡು ಬಳೆ ಇಟ್ಟ ಹಾಗಾಯ್ತು. ನಡುವಿನ ಟೊಳ್ಳಲ್ಲಿ ಹೊನ್ನಿ.

ಮುಚ್ಚೋಕೆ ಮುಚ್ಚಳ ಇರಲಿಲ್ಲ. ಎಲ್ಲರೂ ಒಂದೊಂದು ಕೈ ಎತ್ತಿ, ತುದಿ ಸೇರಿಸಿ ಮುಚ್ಚಿದರು. ಕೈ ಎತ್ತೋಕೆ ಶಕ್ತಿ ಬೇಕಲ್ಲ, ಒಬ್ಬೊಬ್ಬರೂ ಒಂದೊಂದು ತುತ್ತು ತಿಂದರು. ಚಿಕ್ಕತ್ತೆ ದುಃಖದಲ್ಲಿ ಎರಡು ತಿಂದಳು.

ಒಳಗೆ ಕತ್ತಲೆ. "ಅವ್ವಾ, ಹಿಡ್ಕೋ!" ಅಂತ ಹೊನ್ನಿ ಕೂಗಿದಳು.

ಕೆಂಚವ್ವನ ಕೈ ಅಲ್ಲೇ ಮೇಲಿತ್ತು. ಅವಳು ಹಿಡಿಯಲಿಲ್ಲ. ಹೇಗೆ ಮಡಚಿಕೋಬೇಕು ಅಂತಲೂ ಹೇಳಲಿಲ್ಲ. ಅದು ಅವಳಿಗೆ ಗೊತ್ತಿರಲಿಲ್ಲ, ಹೊನ್ನಿಯ ಮೈಗೇ ಗೊತ್ತಿತ್ತು. ಅಂಟಿಕೊಳ್ಳೋಕೆ ಯಾರೂ ಇಲ್ಲದ ಜಾಗ ಒಂದನ್ನ ಕೊಟ್ಟಳು, ಅಷ್ಟೇ.

ಒಳಗಿನ ಕೂಗು ನಿಂತಿತು. ಒಳ್ಳೇದಕ್ಕೋ ಕೆಟ್ಟದ್ದಕ್ಕೋ ತಿಳೀಲಿಲ್ಲ. ಎಲ್ಲರೂ ಕೈ ತೆಗೆದರು.

ಹೊನ್ನಿ ಎದ್ದು ಬಂದಳು, ಮೊದಲಿನ ಹಾಗೇ ಸೌಟಾಗಿ. "ಕೂಗಿದ್ರೂ ಕೈ ಕೊಡಲಿಲ್ಲ ನೀನು" ಅಂದಳು. ಅವ್ವನ ಮುಖ ನೋಡದೆ ಕಲಕೋಕೆ ಹೊರಟುಹೋದಳು.

ಕೆಂಚವ್ವ ಹಿಂದೆ ಹೋಗೋಣ ಅಂತ ಏಳ್ತಿದ್ದಳು. ಅಷ್ಟರಲ್ಲಿ ಇನ್ನೊಬ್ಬ ಬಿಚ್ಚಿಕೊಂಡು ಬಂದು ಟೊಳ್ಳಿಗೆ ಬಿದ್ದ. ಅವಳು ಮತ್ತೆ ಕೂತಳು. ನೀರು ಇನ್ನಷ್ಟು ಕುದ್ದಾಗ ಮನೆಯ ಅರ್ಧಕ್ಕರ್ಧ ಜನ ಬೇರೆ ಕೆಲಸ ಬಿಟ್ಟು ಹೀಗೇ ದುಂಡಗೆ ಕೂತರು.

ಅದಕ್ಕೇ ಮಗು, ಕುದಿಯೋ ನೀರಿಗೆ ಹಾಕಿದ ಮೊಟ್ಟೆ ಇವತ್ತಿಗೂ ಒಳಗೆ ಬಿಳೀ ಮುದ್ದೆಯಾಗುತ್ತೆ, ಅಲ್ಲಿರೋ ನೂಲಿನವರೆಲ್ಲ ತಬ್ಬಿಕೊಂಡು ಅಳೋರೇ. ಬಿಸಿನೀರಿನ ಬುಗ್ಗೆಯ ಕಲ್ಲಿನ ಮೇಲೆ ನೀನು ನೋಡೋ ಪಾಚಿಯಂಥ ಆ ತೆಳು ಪೊರೆ, ಅಂಥ ಪುಟ್ಟ ಮನೆಗಳೇ ಸೇರಿ ಆದದ್ದು, ಅದು ಮಾತ್ರ ಬೇಯದೆ ಬದುಕಿದೆ, ಯಾಕಂದ್ರೆ ಅದರೊಳಗೆ ಕೆಂಚವ್ವ ಇನ್ನೂ ಕೈ ಮುಚ್ಚುತ್ತಾ, ತೆಗೆಯುತ್ತಾ, ಯಾರನ್ನೂ ತಬ್ಬಿಕೊಳ್ಳದೆ ಕೂತಿದ್ದಾಳೆ.