ಆರೋಗ್ಯವಂತರ ಉಗುಳು

ಶಿಷ್ಯ ಕೇಳಿದ: "ಗುರುಗಳೇ, ದುಃಖದ ಕಾರಣ ತಿಳಿದವರು ದುಃಖದಿಂದ ಪಾರಾಗುತ್ತಾರೆ, ಅಲ್ಲವೇ?"

ಗುರು ಒಂದು ಕಥೆ ಹೇಳಿದರು.

ಒಬ್ಬ ಸಂಶೋಧಕಿ ಇದ್ದಳು. ಒಂಟಿತನ ದೇಹವನ್ನು ಏನು ಮಾಡುತ್ತದೆ ಎಂಬುದು ಅವಳ ವಿಷಯ. ಅಪಾಯ ಕಂಡಾಗ ದೇಹದಲ್ಲಿ ಒಂದು ಹಾರ್ಮೋನು ಏರುತ್ತದೆ, ಅಪಾಯ ಕಳೆದಾಗ ಇಳಿಯುತ್ತದೆ. ಜೊತೆಯಿಲ್ಲದ ಪ್ರಾಣಿಯಲ್ಲಿ ಅದು ಏರಿದ್ದು ಇಳಿಯುವುದಿಲ್ಲ ಎಂದು ಅವಳು ತೋರಿಸಬೇಕಿತ್ತು. ಗಿನಿ ಹಂದಿ ಎಂಬ ಇಲಿಯಂಥ ಪುಟ್ಟ ಪ್ರಾಣಿಗಳನ್ನು ಒಂದೊಂದಾಗಿ ಪೆಟ್ಟಿಗೆಗಳಲ್ಲಿ ಇಟ್ಟಳು. ಒಂದಕ್ಕೊಂದು ಕಾಣದಂತೆ ನಡುವೆ ರಟ್ಟು ನಿಲ್ಲಿಸಿದಳು. ಎರಡು ತಿಂಗಳಾದರೂ ಏನೂ ಏರಲಿಲ್ಲ. ವರ್ಷದ ಕೊನೆಗೆ ಪ್ರಬಂಧ ಒಪ್ಪಿಸದಿದ್ದರೆ ಪ್ರಯೋಗಾಲಯ ಬಿಡಬೇಕಿತ್ತು. ಆರು ವರ್ಷದಿಂದ ಅವಳು ಬೇರೆ ಏನನ್ನೂ ಮಾಡಿರಲಿಲ್ಲ. ಬೇರೆ ಯಾರೂ ಅವಳಿಗೆ ಉಳಿದಿರಲೂ ಇಲ್ಲ.

ಒಂದು ಬೆಳಿಗ್ಗೆ ಬೇಗ ಬಂದಳು. ಪೆಟ್ಟಿಗೆ ತೊಳೆಯುವ ಮುದುಕ ಒಳಗಿದ್ದ.

"ಏನ್ ದೊರೆ, ಹುಲ್ಲು ಹಾಗೇ ಬಿಟ್ಟಿದ್ದೀಯಲ್ಲ, ಯಾರ ಮೇಲೆ ಕೋಪ?" ಎನ್ನುತ್ತಿದ್ದ. ಮುಂದಿನ ಪೆಟ್ಟಿಗೆಗೆ ಬಗ್ಗಿ, "ನೀನು ಬಿಡಪ್ಪ, ಮದುವೆ ಗಂಡಿನ ಥರ ಉಬ್ಬಿದ್ದೀಯ" ಎಂದ.

"ಇವಕ್ಕೆ ಜೊತೆ ಇರಬಾರದು ಅಂತ ಹೇಳಿರಲಿಲ್ವಾ?" ಎಂದಳು ಸಂಶೋಧಕಿ.

"ಜೊತೆ ಎಲ್ಲಿ ತಾಯಿ? ಒಂದೊಂದೇ ಇವೆಯಲ್ಲ."

"ನೀವಿದ್ದೀರಲ್ಲ. ಇನ್ನು ಮೇಲೆ ಇಲ್ಲಿ ಮಾತು ಬೇಡ."

ಹೇಳಿದ ಮಾತು ಕೇಳುವುದರಲ್ಲಿ ಮುದುಕ ಪಕ್ಕಾ. ಹಂದಿಗಳ ಜೊತೆ ಮಾತು ಬಿಟ್ಟ, ಅವಳ ಜೊತೆಯೂ ಬಿಟ್ಟ. ಮೊದಲು ದಿನವೂ ಬಾಗಿಲಲ್ಲಿ ನಿಂತು "ಊಟ ಆಯ್ತಾ ತಾಯಿ?" ಎನ್ನುತ್ತಿದ್ದ. ಅದೂ ನಿಂತಿತು. ಆ ಕಟ್ಟಡದಲ್ಲಿ ಅದನ್ನು ಕೇಳುವ ಇನ್ನೊಬ್ಬರಿರಲಿಲ್ಲ. ಅವಳು ಅದನ್ನು ಎಲ್ಲೂ ಬರೆದುಕೊಳ್ಳಲಿಲ್ಲ.

ತಿಂಗಳೊಳಗೆ ಹಂದಿಗಳ ಕೂದಲು ಉದುರತೊಡಗಿತು. ಹಾರ್ಮೋನು ಏರಿತು. ಫಲಿತಾಂಶ ಸೊಗಸಾಗಿತ್ತು.

ಉಗುಳಿನಲ್ಲಿ ಆ ಹಾರ್ಮೋನು ಅಳೆಯುವ ಕಿಟ್ ಸರಿಯಿದೆಯೇ ಎಂದು ನೋಡಲು ಆರೋಗ್ಯವಂತ ಮನುಷ್ಯರ ಉಗುಳನ್ನೂ ಹಾಕಿ ನೋಡುವುದು ಅಲ್ಲಿನ ರೂಢಿ. ಸಂಶೋಧಕರು ತಮ್ಮದನ್ನೇ ಹಾಕುತ್ತಿದ್ದರು. ಹತ್ತಿರದಲ್ಲಿ ಸಿಗುವ ಬಾಯಿ ಅದೇ. ಅವಳೂ ಹಾಕಿದಳು. ಮನುಷ್ಯರಿಗೆ ಇರಬೇಕಾದ ಮಟ್ಟಕ್ಕಿಂತ ಎಷ್ಟೋ ಮೇಲೆ ಬಂತು. ಕಿಟ್ ಕೆಟ್ಟಿದೆ ಎಂದು ವಾಪಸು ಕಳಿಸಿದಳು. ಎರಡನೆಯದು ಬಂತು, ಅದರಲ್ಲೂ ಅಷ್ಟೇ. ಅದನ್ನೂ ಕಳಿಸಿದಳು. ಮೂರನೆಯದು ಬಂದಾಗ ಮುದುಕನನ್ನು ಕರೆದು ಒಂದು ಸಣ್ಣ ಕೊಳವೆ ಕೊಟ್ಟಳು.

"ಈಗ ಬಾಯಿ ತೆಗೀಬಹುದಾ ತಾಯಿ?"

"ಉಗುಳೋದಕ್ಕೆ."

ಅವನದು ಇರಬೇಕಾದಷ್ಟೇ ಬಂತು. ಪ್ರಬಂಧ ಮುಗಿಯಿತು, ದೊಡ್ಡವರು ಮೆಚ್ಚಿದರು. ಕೊನೆಯ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲಿತ್ತು: ಒಬ್ಬ ವ್ಯಕ್ತಿಯ ಮಾದರಿ ದೋಷಪೂರಿತವಾದ್ದರಿಂದ ಕೈಬಿಡಲಾಗಿದೆ. ಅವಳೀಗ ಒಂದು ಕಾಲೇಜಿನಲ್ಲಿ ಒಂಟಿತನದ ಬಗ್ಗೆ ಪಾಠ ಮಾಡುತ್ತಾಳೆ. ಮಧ್ಯಾಹ್ನ ಬಾಗಿಲು ಹಾಕಿಕೊಂಡು ಊಟ ಮಾಡುತ್ತಾಳೆ.

ಶಿಷ್ಯ ನಕ್ಕ. "ಪಾಪ, ಅಷ್ಟು ಓದಿದರೂ ಗೊತ್ತಾಗಲಿಲ್ಲ. ಗೊತ್ತಾಗಿದ್ದರೆ ಪಾರಾಗುತ್ತಿದ್ದಳು."

"ಗೊತ್ತಾಗದೇ ಇದ್ದಿದ್ದರೆ," ಎಂದರು ಗುರು, "ಮೂರನೆಯ ಕಿಟ್ಟಿಗೂ ತನ್ನ ಉಗುಳನ್ನೇ ಹಾಕುತ್ತಿದ್ದಳು."