ನಿಮ್ಮ ಆಟ ಯಾರಿಗೆ ಕಾಣಿಸಬೇಕು?

ಷಡಕ್ಷರಿಗೆ ತನ್ನ ಗುರುಗಳ ವಿಷಯದಲ್ಲಿ ಎಲ್ಲವೂ ಹೆಮ್ಮೆಯೇ, ಒಂದನ್ನು ಬಿಟ್ಟು. ಗುರುಗಳು ಚೌಕಾಬಾರದಲ್ಲಿ ಸೋಲುತ್ತಿದ್ದರು.

ಕಪಿಲೆಯ ದಂಡೆಯ ಆ ಸಣ್ಣ ಆಶ್ರಮದೊಳಗೇ ಸೋತಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಅವರು ಆಡುತ್ತಿದ್ದುದು ಭಕ್ತರೊಬ್ಬರು ಕೊಟ್ಟ ಮೊಬೈಲಿನಲ್ಲಿ. ಮಧ್ಯಾಹ್ನದ ಊಟವಾದ ಮೇಲೆ ಹೊಂಗೆಮರದ ನೆರಳಿಗೆ ಕೂತು, ಎಲ್ಲೆಲ್ಲಿಯವರೋ ಬಂದು ಸೇರುವ ಆನ್‌ಲೈನ್ ಚೌಕಾಬಾರದಲ್ಲಿ ಮುಳುಗುವರು. ಅಲ್ಲಿ ಆಡುವ ಪ್ರತಿಯೊಬ್ಬರಿಗೂ ಒಂದು ಪುಟ. ಹೆಸರು, ಫೋಟೋ, ಊರು, ಗೆದ್ದದ್ದು, ಸೋತದ್ದು ಎಲ್ಲವೂ ಬಟಾಬಯಲು. ಗುರುಗಳ ಪುಟದಲ್ಲಿ ಗೆಲುವನ್ನು ಹುಡುಕಬೇಕಿತ್ತು.

ಸೋತಾಗ ಅವರು ಹೊಟ್ಟೆ ಕುಣಿಯುವಂತೆ ನಗುತ್ತಿದ್ದರು, ಗೆದ್ದವನಿಗೂ ಒಂದು ನಗುವಿನ ಚಿತ್ರ ಕಳಿಸುತ್ತಿದ್ದರು. ಅದೊಂದು ಬೇರೆ.

ಪಕ್ಕದ ತಾಲ್ಲೂಕಿನ ಮಠದಲ್ಲಿ ಒಂದು ಸಮಾರಂಭ. ಊಟದ ಪಂಕ್ತಿಯಲ್ಲಿ ಅಲ್ಲಿಯ ಶಿಷ್ಯನೊಬ್ಬ ಷಡಕ್ಷರಿಯ ಎಲೆಗೆ ತುಪ್ಪ ಬಡಿಸುತ್ತಾ ಕೇಳಿದ: "ಏನಪ್ಪಾ, ನಿಮ್ಮ ಬುದ್ಧಿಯೋರು ಲೋಕಕ್ಕೆಲ್ಲಾ ದಾರಿ ತೋರಿಸ್ತಾರೆ. ಒಂದು ಕಾಯಿ ಹಣ್ಣು ಮಾಡೋಕೆ ಬರಲ್ವಂತೆ?"

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಷಡಕ್ಷರಿಯ ಕಿವಿ ಕೆಂಪಾಯಿತು. ಪಾಯಸ ಬರುವ ಮುಂಚೆಯೇ ಕೈ ತೊಳೆದುಕೊಂಡ.

ಆಶ್ರಮಕ್ಕೆ ಮರಳಿದವನೇ, ಗುರುಗಳು ಹೊಳೆಗೆ ಹೋಗಿದ್ದ ಹೊತ್ತು ನೋಡಿ ಫೋನು ಕೈಗೆತ್ತಿಕೊಂಡ. ಸೆಟ್ಟಿಂಗ್ಸ್ ತೆಗೆದ. "ನಿಮ್ಮ ಆಟ ಯಾರಿಗೆ ಕಾಣಿಸಬೇಕು?" ಎಂದು ಅದು ಕೇಳಿತು. "ಯಾರಿಗೂ ಬೇಡ" ಎಂಬುದನ್ನು ಒತ್ತಿದ. "ನಿಮ್ಮನ್ನು ಆಟಕ್ಕೆ ಯಾರು ಕರೆಯಬಹುದು?" ಯಾರೂ ಬೇಡ. "ನಿಮಗೆ ಯಾರು ಬರೆಯಬಹುದು?" ಯಾರೂ ಬೇಡ.

ಅಷ್ಟಕ್ಕೂ ಸಮಾಧಾನವಾಗಲಿಲ್ಲ. ಗುರುಗಳನ್ನು ಸೋಲಿಸಿದವರನ್ನೆಲ್ಲಾ ಒಬ್ಬೊಬ್ಬರಾಗಿ ಬ್ಲಾಕ್ ಮಾಡಿದ. 'ಒಂಟಿಕಾಯಿ' ಎಂಬ ಹೆಸರಿನವನೊಬ್ಬ ದಿನಾ ಬಂದು ದಿನಾ ಸೋಲಿಸಿದ್ದ. ಅವನಿಗೆ ಫೋಟೋ ಇಲ್ಲ, ಊರಿಲ್ಲ. ಮೊದಲು ತೆಗೆದದ್ದು ಅವನನ್ನೇ, ಅದೂ ಹಲ್ಲು ಕಚ್ಚಿಕೊಂಡು.

ಮರುದಿನ ಗುರುಗಳು ಮರದಡಿ ಕೂತು ಬಹಳ ಹೊತ್ತು ಫೋನು ನೋಡಿದರು.

"ಯಾಕೋ ಇವತ್ತು ಯಾರೂ ಕರೀತಿಲ್ವಲ್ಲ ಮಗು."

"ಎಲ್ಲರಿಗೂ ಕೆಲಸ ಇರ್ತದಲ್ಲ ಬುದ್ಧಿ."

"ಒಂಟಿಕಾಯಿಗೂನಾ?"

ಷಡಕ್ಷರಿ ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸತೊಡಗಿದ.

ಆಮೇಲಿನ ದಿನಗಳಲ್ಲೂ ಗುರುಗಳು ಹಾಗೇ ಬಂದು ಕೂರುವರು, ಕಾಯುವರು, ಎದ್ದು ಹೋಗುವರು. ಅಂಗಳದಲ್ಲಿ ನಗು ಕೇಳಿಸದೆ ಹೋಯಿತು. ಮರ್ಯಾದೆ ಉಳಿಯಿತಲ್ಲ ಎಂದು ಷಡಕ್ಷರಿ ತನಗೆ ತಾನೇ ಹೇಳಿಕೊಂಡ. ಹೇಳಿಕೊಳ್ಳಬೇಕಾಗಿ ಬಂತು ಎಂಬುದೇ ಅವನಿಗೆ ಹಿಡಿಸಲಿಲ್ಲ.

ಒಂದು ಬೆಳಿಗ್ಗೆ, ಗುರುಗಳು ಹೊಳೆಗೆ ಹೋಗಿದ್ದಾಗ, ಒಬ್ಬ ಹೆಂಗಸು ಆಶ್ರಮದ ಬಾಗಿಲಿಗೆ ಬಂದಳು. ನಡೆದು ನಡೆದು ಸೀರೆಯ ಅಂಚೆಲ್ಲ ದೂಳಾಗಿತ್ತು. ಹೆಸರು ಸಣ್ಣತಾಯಮ್ಮ ಎಂದಳು, ತನ್ನ ಊರನ್ನೂ ಹೇಳಿದಳು.

"ಮೊಬೈಲಲ್ಲಿ ಚೌಕಾಬಾರ ಆಡೋ ಬುದ್ಧಿಯೋರು ಇಲ್ಲೇನಾ ಇರೋದು ಸಾಮಿ? ನನ್ನ ಮಗ ಅವರ ಫೋಟೋ, ಊರು ಎಲ್ಲಾ ತೋರ್ಸಿದ್ದ."

"ಯಾಕಮ್ಮ?"

"ನನ್ನ ಮಗ ಕೆಂಪರಾಜು ಗೂಡ್ಸ್ ಆಟೋ ಓಡಿಸ್ತಿದ್ದ. ಗಾಡಿ ಹಿಂದಕ್ಕೆ ತೆಗಿಯುವಾಗ ಎದುರುಮನೆ ನಂಜಮಣಿ ಕಾಲ ಮೇಲೆ ಹತ್ತಿಸ್ಬಿಟ್ಟ. ಆಯಮ್ಮ ಈಗ ಕೋಲು ಊರ್ಕೊಂಡು ನಡೀತಾರೆ. ಅವತ್ತು ಕೋಣೆ ಸೇರ್ಕೊಂಡೋನು ಆಚೆಗೇ ಬಂದಿಲ್ಲ. ಯಾರಿಗೂ ಮುಖ ತೋರ್ಸಲ್ಲ."

ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಮಧ್ಯಾಹ್ನ ಒಂಟಿಕಾಯಿ ಅಂತ ಹೆಸರಿಟ್ಕೊಂಡು ಬುದ್ಧಿಯೋರ ಜೊತೆ ಆಡ್ತಿದ್ದ. ಆಡಿದ ಮೇಲೆ ಒಂದು ತುತ್ತು ತಿಂತಿದ್ದ. 'ಅವ್ವಾ, ಇಷ್ಟು ಸೋತವರು ಊರಿಗೆಲ್ಲಾ ತೋರಿಸ್ಕೊಂಡು ನಗ್ತಾ ಅವ್ರೆ ಕನವ್ವಾ' ಅಂತಿದ್ದ. ಇನ್ನೇನು ಹೊಸ್ತಿಲು ದಾಟ್ತಾನೆ ಅಂದ್ಕೊಂಡಿದ್ದೆ. ಈಗ ಅವನ ಫೋನಲ್ಲಿ ಬುದ್ಧಿಯೋರೇ ಇಲ್ಲ. 'ನಾನು ಯಾರು ಅಂತ ಅವರಿಗೂ ಗೊತ್ತಾಗೋಯ್ತು, ಅವರೂ ಬಾಗಿಲು ಹಾಕ್ಬುಟ್ರು' ಅಂತಾನೆ. ಅನ್ನ ಮುಟ್ಟಿಲ್ಲ ಸಾಮಿ. ಬುದ್ಧಿಯೋರಿಗೆ ಕೋಪಾನಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು ಎನ್ನುವರಲ್ಲ, ಷಡಕ್ಷರಿಯ ಕೈ ಮಡಿಲಲ್ಲಿದ್ದ ಗುರುಗಳ ಫೋನಿನ ಮೇಲೆ ಹೋಯಿತು.

"ಕೋಪ ಇಲ್ಲಮ್ಮ," ಎಂದ. "ಅದು ಮೊಬೈಲಿನ ತೊಂದರೆ. ಸರಿ ಮಾಡಿಸ್ತೀನಿ, ನೀವು ಹೋಗಿ."

ಅವಳು ಕೈ ಮುಗಿದಳು. ಅವಳು ಹಾಗೆ ನಂಬಿ ಕೈ ಮುಗಿದದ್ದನ್ನು ಅವನಿಂದ ನೋಡಲಾಗಲಿಲ್ಲ.

ಅವಳು ಮರೆಯಾದದ್ದೇ ತಡ, ಫೋನು ತೆಗೆದು ಮುಚ್ಚಿದ್ದನ್ನೆಲ್ಲಾ ತೆರೆದ. ಎಲ್ಲರಿಗೂ ಕಾಣಲಿ. ಎಲ್ಲರೂ ಕರೆಯಲಿ. ಎಲ್ಲರೂ ಬರೆಯಲಿ. ಒಂಟಿಕಾಯಿಯ ಬ್ಲಾಕ್ ತೆಗೆದ. ಯಾರಿಗೂ ತಿಳಿಯದಂತೆ ಮಾಡಿದ ತಪ್ಪು ಯಾರಿಗೂ ತಿಳಿಯದಂತೆ ಸರಿಹೋದರೆ ಸಾಕು ಎಂದು ಹರಕೆ ಹೊತ್ತ.

ಒಂಟಿಕಾಯಿಯ ಹೆಸರನ್ನು ಒತ್ತಿದ. ಪರದೆಯ ಮೇಲೆ ಒಂದೇ ಸಾಲು ಬಂತು: "ಈ ಆಟಗಾರರು ಯಾರಿಗೂ ಕಾಣಿಸಲು ಇಷ್ಟಪಡುವುದಿಲ್ಲ."

ಷಡಕ್ಷರಿ ಫೋನು ಹಿಡಿದುಕೊಂಡು ಹೊಳೆಯ ದಂಡೆಗೆ ಹೋದ. ಗುರುಗಳು ಮೆಟ್ಟಿಲ ಮೇಲೆ ಕೂತು ಪಂಚೆ ಹಿಂಡುತ್ತಿದ್ದರು.

"ಬುದ್ಧಿ, ಒಂದು ತಪ್ಪಾಗಿದೆ."

"ತಾನಾಗೇ ಆಯ್ತೋ, ನೀನು ಮಾಡಿದ್ಯೋ?"

"ಮಾಡಿದೆ."

ಎಲ್ಲವನ್ನೂ ಹೇಳಿದ. ಹೇಳುವಷ್ಟು ಹೊತ್ತೂ ನೀರನ್ನೇ ನೋಡುತ್ತಿದ್ದ. ಗುರುಗಳು ಪಂಚೆಯನ್ನು ಕೊಡವಿ ಬಂಡೆಯ ಮೇಲೆ ಹರವಿದರು.

"ಸೋತೋನು ನಾನು. ನಾಚಿಕೆ ನಿಂಗೆ ಹೇಗಪ್ಪಾ ಬಂತು?"

"ನಾನು ನಿಮ್ಮ ಶಿಷ್ಯ ಅಲ್ವಾ ಬುದ್ಧಿ. ಜನ ನಿಮ್ಮನ್ನ ನೋಡಿ ನಕ್ಕರೆ ನನಗೆ ತಲೆ ಎತ್ತೋಕೆ ಆಗಲ್ಲ."

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ದಂಗಾಯ್ತು. ಜ್ವರ ನಿಂದು. ಬರೆ ಬಿದ್ದಿದ್ದು ಆ ಹುಡುಗನಿಗೆ."

ಷಡಕ್ಷರಿಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನಿಸಿತು.

"ಆ ತಾಯಿಗೆ ಏನು ಹೇಳಿ ಕಳಿಸ್ದೆ?"

ಗುರುಗಳು ಇದನ್ನು ಕೇಳದೆ ಬಿಡಲಿ ಎಂದೇ ಅವನು ಬೇಡಿಕೊಳ್ಳುತ್ತಿದ್ದ.

"ಮೊಬೈಲಿನ ತೊಂದರೆ ಅಂದೆ."

ಗುರುಗಳು ಅವನ ಮುಖವನ್ನು ನೋಡಿದರು. ಬಯ್ಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಒಣಗದ ಪಂಚೆಯನ್ನೇ ಹೆಗಲಿಗೆ ಹಾಕಿಕೊಂಡು ಎದ್ದರು.

"ಅವರ ಊರಿಗೆ ಬಸ್ಸು ಎಷ್ಟೊತ್ತಿಗೆ?"

ಸಣ್ಣತಾಯಮ್ಮನ ಮನೆ ಬೀದಿಯ ನಡುವೆ ಇತ್ತು. ಜಗಲಿಗೆ ತಾಗಿದ ಕೋಣೆ, ಅದರ ಬಾಗಿಲು ಮುಚ್ಚಿತ್ತು. ಸಣ್ಣತಾಯಮ್ಮ ಗಾಬರಿಯಿಂದ ಚಾಪೆ ತಂದಳು, ನೀರು ತಂದಳು. ಗುರುಗಳು ಚಾಪೆ ಬೇಡವೆಂದು ಆ ಬಾಗಿಲ ಮುಂದೆ ಬರೀ ನೆಲದಲ್ಲೇ ಕೂತರು.

"ತಾಯಿ, ಒಲೆಯಿಂದ ಒಂದು ಇದ್ದಿಲು ಕೊಡಿ. ನಾಲ್ಕು ಹುಣಿಸೆ ಬೀಜ ಇದ್ರೆ ಅದನ್ನೂ ಕೊಡಿ."

ಇದ್ದಿಲಿನಿಂದ ಜಗಲಿಯ ಮೇಲೆ ಚೌಕಾಬಾರದ ಮನೆಗಳನ್ನು ಬರೆದು, ಇದ್ದಿಲ ಚೂರು, ಕಲ್ಲುಚೂರುಗಳನ್ನು ಕಾಯಿಗಳಾಗಿ ಇಟ್ಟರು. ಬೀಜಗಳನ್ನು ಷಡಕ್ಷರಿಯ ಕೈಗಿಟ್ಟರು.

"ಒಂದು ಮಗ್ಗುಲು ಬೆಳ್ಳಗಾಗೋ ಹಂಗೆ ತೇಯಿ. ಕವಡೆ ಇಲ್ದಿದ್ರೆ ಇದೇ ಕವಡೆ."

ಷಡಕ್ಷರಿ ಜಗಲಿಯ ಕಲ್ಲಿಗೆ ಬೀಜ ತೇಯುತ್ತಾ ಕೂತ. ಕಾವಿ ತೊಟ್ಟ ಇಬ್ಬರು ಹಾಡುಹಗಲಲ್ಲಿ ಬೀದಿಯ ಜಗಲಿಯಲ್ಲಿ ಆಟಕ್ಕೆ ಕೂತರೆ ಯಾರು ತಾನೇ ಬಿಟ್ಟಾರು? ಅಕ್ಕಪಕ್ಕದವರು ಹೊರಗೆ ಬಂದರು. ಒಬ್ಬ ಫೋನು ತೆಗೆದು ಫೋಟೋ ಹಿಡಿದ. ಪಕ್ಕದ ತಾಲ್ಲೂಕಿನ ಮಠಕ್ಕೂ ಅದು ಇವತ್ತೇ ಮುಟ್ಟುತ್ತದೆ ಎಂದು ಷಡಕ್ಷರಿಗೆ ಅನಿಸಿತು. ಬೀಜದ ಬದಲು ಬೆರಳು ತೇದುಹೋಯಿತು.

ಗುರುಗಳು ಬಾಗಿಲಿಗೆ ಹೇಳಿದರು: "ಒಂಟಿಕಾಯಿ, ಆಟ ಹೂಡಿದ್ದೀನಿ ಕಣಪ್ಪ. ನಿನ್ನ ಗರ ಯಾರು ಹಾಕ್ಬೇಕು?"

ಬಾಗಿಲು ತೆರೆಯಲಿಲ್ಲ.

ಗುರುಗಳು ಶಿಷ್ಯನ ಕಡೆ ತಿರುಗಿದರು. "ನಿಂದು ಒಂದು ಮಾತಿತ್ತಲ್ಲ."

"ಇಲ್ಲೇನಾ ಬುದ್ಧಿ? ಇಷ್ಟು ಜನರ ಮುಂದೆ?"

"ಬೇಡ ಅಂದ್ರೆ ಬೇಡ. ಹೇಳೋನು ನೀನು."

ಷಡಕ್ಷರಿ ಬೀದಿಯನ್ನು ನೋಡಿದ. ಆಮೇಲೆ ಸಣ್ಣತಾಯಮ್ಮನನ್ನು ನೋಡಿದ. ಕೈಯಲ್ಲಿದ್ದ ಬೀಜಗಳನ್ನು ಬಾಗಿಲ ಮುಂದೆ ಇಟ್ಟ.

"ಅಮ್ಮಾ, ಮೊಬೈಲಿಗೆ ತೊಂದರೆ ಆಗಿರಲಿಲ್ಲ. ನಾನು ನಿಮಗೆ ಸುಳ್ಳು ಹೇಳಿದೆ."

ಅವಳು ಬಾಯಿಗೆ ಸೆರಗು ಹಿಡಿದಳು. ಅವನು ಬಾಗಿಲ ಹತ್ತಿರ ಸರಿದು, ಹಲಗೆಗೆ ಹೇಳುವವನಂತೆ ಹೇಳಿದ:

"ಕೆಂಪರಾಜಣ್ಣ, ಬಾಗಿಲು ಹಾಕಿದ್ದು ಬುದ್ಧಿಯೋರಲ್ಲ, ನಾನು. ಅವರಿಗೆ ಗೊತ್ತೇ ಇರಲಿಲ್ಲ. ಅವರು ಸೋಲೋದು ಊರಿಗೆಲ್ಲಾ ಕಾಣಿಸ್ತದೆ ಅಂತ ನನಗೆ ನಾಚಿಕೆ ಆಗ್ತಿತ್ತು. ನೀನು ಯಾರು ಅಂತ ತಿಳಿದು ತೆಗೆದದ್ದಲ್ಲ. ಎಲ್ಲರಿಗಿಂತ ಹೆಚ್ಚು ಸೋಲಿಸಿದೋನು ನೀನು ಅಂತ ತೆಗೆದೆ."

ನಗುತ್ತಾರೆ ಎಂದು ಅವನು ಕಾದ. ಯಾರೂ ನಗಲಿಲ್ಲ, ಆದರೂ ಅವನ ಮೈಯೆಲ್ಲ ಸುಡುತ್ತಿತ್ತು.

ಬಾಗಿಲ ಹಿಂದೆ, ಬಹಳ ಹತ್ತಿರದಲ್ಲೇ, ಬಳಸದೆ ತುಕ್ಕು ಹಿಡಿದಂಥ ಒಂದು ದನಿ ಕೇಳಿತು.

"ನಾನು ಏನು ಮಾಡ್ದೆ ಅಂತ ಬುದ್ಧಿಯೋರಿಗೆ ಈಗ ಗೊತ್ತಾ?"

"ಗೊತ್ತು ಕಣಪ್ಪ," ಎಂದರು ಗುರುಗಳು. "ಗೊತ್ತಾದ ಮೇಲೇ ಬಸ್ಸು ಹತ್ತಿದ್ದು."

ಚಿಲಕ ಸರಿದ ಸದ್ದಾಯಿತು. ಬಾಗಿಲು ನಾಲ್ಕು ಬೆರಳಿನಷ್ಟು ತೆರೆಯಿತು. ಆ ಸಂದಿನಿಂದ ಬಿಸಿಲು ಕಾಣದ ಒಂದು ಕೈ ಬಂದು ಹುಣಿಸೆ ಬೀಜಗಳನ್ನು ತೆಗೆದುಕೊಂಡಿತು. ಸಣ್ಣತಾಯಮ್ಮ ಗೋಡೆಗೆ ಮುಖ ಮಾಡಿಕೊಂಡು ಅತ್ತಳು.

ಗರ ಬಿತ್ತು. ಕಾಯಿ ನಡೆಯಿತು. ನೋಡನೋಡುತ್ತಲೇ ಗುರುಗಳ ಕಾಯಿಯೊಂದನ್ನು ಆ ಕೈ ಹೊಡೆಯಿತು. ಗುರುಗಳು ಹೊಟ್ಟೆ ಕುಣಿಸಿಕೊಂಡು ನಕ್ಕರು.

ಆಗ ಎದುರುಮನೆಯ ಮೆಟ್ಟಿಲು ಇಳಿದು ಒಬ್ಬ ಹೆಂಗಸು ಕೋಲೂರಿಕೊಂಡು ಬೀದಿ ದಾಟತೊಡಗಿದಳು. ಜನ ಮಾತು ನಿಲ್ಲಿಸಿ ದಾರಿ ಬಿಟ್ಟರು. ಕೋಲಿನ ಸದ್ದು ಕೇಳಿದ ಕೂಡಲೇ ಬೀಜ ಹಿಡಿದ ಕೈ ಗಾಳಿಯಲ್ಲೇ ನಿಂತಿತು.

ಬಂದದ್ದು ಬಯ್ಯುವುದಕ್ಕೋ ನೋಡುವುದಕ್ಕೋ, ಅವಳ ಮುಖದಲ್ಲಿ ತಿಳಿಯುವಂತಿರಲಿಲ್ಲ. ಜಗಲಿಯ ಮುಂದೆ ಬಂದು, ಕೋಲಿನ ಮೇಲೆ ಭಾರ ಬಿಟ್ಟು ನಿಂತಳು.

ಷಡಕ್ಷರಿ ತಟ್ಟನೆ ಎದ್ದು ಅವಳಿಗೂ ಬಾಗಿಲಿಗೂ ನಡುವೆ ನಿಂತ.

"ಬುದ್ಧಿ, ಇವರೇ ನಂಜಮಣಿಯಮ್ಮ ಇರಬೇಕು," ಎಂದು ಪಿಸುಗುಟ್ಟಿದ. "ಇನ್ನೊಂದು ದಿನ ಬನ್ನಿ ಅಂತ ಹೇಳಿ ಕಳಿಸ್ಲಾ? ಅವನು ಮತ್ತೆ ಬಾಗಿಲು ಹಾಕ್ಕೊಂಡುಬಿಟ್ರೆ?"

ಗುರುಗಳು ಆಟದ ಮನೆಗಳಿಂದ ಕಣ್ಣೆತ್ತಲಿಲ್ಲ.

"ಚಿಲಕ ಅವನ ಕಡೆ ಇದೆ ಮಗು. ನೀನು ಸರಿದು ಕೂತ್ಕೋ, ಆಯಮ್ಮನಿಗೆ ಜಾಗ ಆಗ್ಲಿ."