ಗಡಿಗೆಮೂತಿ ಮುಟ್ಟಿದ ಹಲಗೆ

“ಕೇಳ್ರಪ್ಪೋ ಕೇಳಿ. ಏಳನೇ ಕ್ಲಾಸಿನ ಮಕ್ಕಳನ್ನೆಲ್ಲ ಗಡಿಗೆಮೂತಿ ರಕ್ಕಸ ಗುಡ್ಡದ ಗವಿಗೆ ಹೊತ್ತುಕೊಂಡು ಹೋಗಿದ್ದಾನೆ. ಲೆಕ್ಕದ ಮೂರು ಒಗಟು ಒಡ್ಡಿದ್ದಾನೆ. ಉತ್ತರ ಹೇಳಿದರೆ ಸಾಲದು, ಅದು ಅವನ ತಲೆಗೆ ಹತ್ತಬೇಕು. ಹತ್ತಿಸಿದವರಿಗೆ ಮಕ್ಕಳು ವಾಪಸ್ಸು, ಮಹಾರಾಜರಿಂದ ಬೇಡಿದ ಬಹುಮಾನ. ಹತ್ತಿಸಲಾರದವರು ಅವನ ಉಪ್ಪಿನಕಾಯಿ ಭರಣಿಗೆ. ಅಮಾವಾಸ್ಯೆ ದಿನ ಅವನಿಗೆ ಊಟ.”

ಚಿತ್ತಾರಪುರದ ದೊರೆ ತಿಮ್ಮರಾಯ ಹೀಗೆ ಡಂಗುರ ಹೊಡೆಸಿದಾಗ ಸಣ್ಣೀರ ಮಜ್ಜಿಗೆ ಗಡಿಗೆಯನ್ನು ಅಲ್ಲೇ ಇಳಿಸಿಬಿಟ್ಟ. ಅವನ ತಂಗಿ ಗಿರಿಜಿ ಏಳನೇ ಕ್ಲಾಸು. ಅಪ್ಪ ಅಮ್ಮ ಇಲ್ಲದ ಮನೆಯಲ್ಲಿ ಇದ್ದವರೇ ಅವರಿಬ್ಬರು. ಸಣ್ಣೀರನೋ, ಹತ್ತನೇ ಕ್ಲಾಸಿನ ಗಣಿತದಲ್ಲಿ ಡುಮ್ಕಿ ಹೊಡೆದು ಮಜ್ಜಿಗೆ ಮಾರುತ್ತಿದ್ದವನು. ನೀನು ಹೋಗಿ ಏನು ಕಿಸೀತೀಯ ಅಂತ ಊರೇ ನಕ್ಕಿತು.

ಆ ರಾಜ್ಯದ ಸಂಗತಿಯನ್ನೂ ಸ್ವಲ್ಪ ಹೇಳಬೇಕು. ದೊರೆ ದೊಡ್ಡ ಮನಸ್ಸು ಮಾಡಿ ಶಾಲೆ ಶಾಲೆಗೂ ಮಿಂಚುಹಲಗೆ ಕೊಡಿಸಿದ್ದ. ಬೆರಳಿಂದ ಎಳೆದರೆ ಅದರೊಳಗಿನ ಗೆರೆ ನಡೆಯುತ್ತಿತ್ತು, ಲೆಕ್ಕ ಕೇಳಿದರೆ ಬಾಯಿಬಿಟ್ಟು ಉತ್ತರ ಹೇಳುತ್ತಿತ್ತು. ನಮ್ಮ ಮೇಷ್ಟ್ರುಗಳು ಅದನ್ನು ಏನು ಮಾಡಿದರು ಅಂತೀರಿ? ಅರಿಸಿನ ಕುಂಕುಮ ಹಚ್ಚಿ, ರೇಷ್ಮೆ ವಸ್ತ್ರ ಸುತ್ತಿ, ಬೀರುವಿನಲ್ಲಿಟ್ಟು ಬೀಗ ಜಡಿದರು. ತೆಗೆದ ದಿನವೂ ಮಕ್ಕಳಿಗೆ ದೂರದಿಂದ ದರ್ಶನ ಅಷ್ಟೆ. ಮುಟ್ಟಿದರೆ ಹಾಳಾಗುತ್ತೆ ಅಂತ ಅವರ ಹೆದರಿಕೆ. ಮೂಲೆ ಒಡೆದಿದೆ ಅಂತ ತಿಪ್ಪೆಗೆ ಎಸೆದ ಒಂದು ಹಲಗೆ ಮಾತ್ರ ಸಣ್ಣೀರನ ಕೈಸೇರಿತ್ತು. ಸಂಜೆಯಾದರೆ ಅಣ್ಣ ತಂಗಿ ಅದರ ಗೆರೆಗಳನ್ನು ಎಳೆದಾಡಿಕೊಂಡು ಕೂರುತ್ತಿದ್ದರು.

ಆ ಹಲಗೆಯನ್ನೇ ಬಗಲಿಗೆ ಇರುಕಿಕೊಂಡು ಅವನು ಗವಿ ತಲುಪುವ ಹೊತ್ತಿಗೆ ಅಲ್ಲಿ ಇಬ್ಬರು ಸರದಿಯಲ್ಲಿದ್ದರು. ಮುಂದೆ ಮಂತ್ರಿಯ ಮಗ, ಹಿಂದೆ ಪಕ್ಕದ ನಾಡಿನ ಯುವರಾಜ. ರಕ್ಕಸ ಮಂತ್ರಿಯ ಮಗನಿಗೆ ಮೊದಲನೇ ಒಗಟು ಹಾಕಿದ: “ಮೂರೇ ಮೂಲೆಯವನು. ಹಿಗ್ಗಿಸು, ಕುಗ್ಗಿಸು, ಸೊಟ್ಟ ಮಾಡು, ಅವನ ಮೂರು ಮೂಲೆ ಜೋಡಿಸಿಟ್ಟರೆ ಯಾವಾಗಲೂ ಒಂದೇ ನೇರ ಗೆರೆ. ಯಾರವನು, ಯಾಕೆ ಹಾಗೆ?”

ತ್ರಿಕೋನ, ನೂರಾ ಎಂಬತ್ತು ಡಿಗ್ರಿ ಅಂತ ಮಂತ್ರಿಯ ಮಗ ಪಟ್ಟನೆ ಹೇಳಿದ. ಅದು ನನಗೂ ಗೊತ್ತು, ಯಾಕೆ ಅಂತ ಹೇಳು ಅಂದ ರಕ್ಕಸ. ಪುಸ್ತಕದಲ್ಲಿ ಹಾಗೇ ಇದೆ ಅಂದ ಇವನು. ಭರಣಿಯ ಮುಚ್ಚಳ ತೆರೆಯಿತು, ಮುಚ್ಚಿತು.

ಯುವರಾಜ ಹೊಚ್ಚ ಹೊಸ ಹಲಗೆ ತಂದಿದ್ದ. ರೇಷ್ಮೆ ವಸ್ತ್ರ ಸರಿಸಿ ದೂರದಿಂದ ತೋರಿಸಿದ. ಹಲಗೆ ಇಂಪಾದ ದನಿಯಲ್ಲಿ ಅದೇ ಉತ್ತರ ಉಲಿಯಿತು. ಪಾಪ, ರಕ್ಕಸ ಆಸೆಯಿಂದ ಬೆರಳು ಚಾಚಿದ. ಮುಟ್ಟಬೇಡ, ಗೀರು ಬೀಳುತ್ತೆ ಅಂತ ಯುವರಾಜ ಹಲಗೆಯನ್ನು ಎದೆಗೆ ಅವಚಿಕೊಂಡ. ಅವನೂ ಭರಣಿ ಸೇರಿದ.

ಈಗ ಸಣ್ಣೀರನ ಸರದಿ. ಗವಿಯ ಒಳಗಿಂದ ಗಿರಿಜಿ ಇಣುಕುತ್ತಿದ್ದಳು. ಅವಳ ಮುಖ ನೋಡಿದ್ದೇ ತಡ, ಇವನಿಗೆ ಎಲ್ಲಿತ್ತೋ ಧೈರ್ಯ ಬಂತು. ಮುಂದೆ ಹೋಗಿ ಒಡಕು ಹಲಗೆಯನ್ನು ರಕ್ಕಸನ ಕೈಗೇ ಇಟ್ಟ.

“ತಗೊಳ್ಳಿ ರಕ್ಕಸಪ್ಪ. ನೀವೇ ಎಳೀರಿ.”

ಗಡಿಗೆಮೂತಿ ಕಕ್ಕಾಬಿಕ್ಕಿಯಾದ. ಹುಟ್ಟಿದಾಗಿನಿಂದ ಅವನ ಕೈಗೆ ಯಾರೂ ಏನೂ ಕೊಟ್ಟಿರಲಿಲ್ಲ. ಒನಕೆಯಂಥ ಬೆರಳಿಂದ ಹಲಗೆಯಲ್ಲಿದ್ದ ತ್ರಿಕೋನದ ತುದಿ ಹಿಡಿದು ಮೆಲ್ಲಗೆ ಮೇಲಕ್ಕೆ ಎಳೆದ. ಮೇಲಿನ ಮೂಲೆ ಕಿರಿದಾಯಿತು, ಕೆಳಗಿನವು ಅಗಲವಾದವು. ಸಣ್ಣೀರ ಆ ತುದಿಗೆ ತಾಗುವಂತೆ, ಬುಡಕ್ಕೆ ಸಮಾನಾಂತರವಾಗಿ ಒಂದು ಗೆರೆ ಹಾಕಿ, ಕೆಳಗಿನ ಎರಡೂ ಮೂಲೆಗಳನ್ನು ತಲೆಕೆಳಗಾಗಿ ತಿರುಗಿಸಿ ಮೇಲಕ್ಕೆ ಜಾರಿಸಿ ನೋಡಿ ಅಂದ. ರಕ್ಕಸ ಜಾರಿಸಿದ. ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ ಹೋಗಿ ಮೇಲಿನ ಮೂಲೆಯ ಪಕ್ಕ ಸರಿಯಾಗಿ ಕೂತವು. ಮೂರೂ ಸೇರಿ ಆ ಗೆರೆಯನ್ನು ತುಂಬಿದವು. ರಕ್ಕಸ ಇನ್ನೊಂದು ತ್ರಿಕೋನ ಎಳೆದ, ಮತ್ತೊಂದು ಎಳೆದ, ಊಟದ ಹೊತ್ತು ಮೀರಿದ್ದೂ ಅವನಿಗೆ ನೆನಪಾಗಲಿಲ್ಲ.

ಆಮೇಲೆ ಎರಡನೇದು ಕೇಳಿದ. ಬಳೆಯಾಗಲಿ ಗಾಡಿಚಕ್ರವಾಗಲಿ, ಒಂದು ಸುತ್ತು ಉರುಳಿದರೆ ತನ್ನ ಅಗಲದ ಮೂರರಷ್ಟು ದಾಟಿ ಇನ್ನೊಂದು ಚೂರು ಮುಂದೆ ಹೋಗುತ್ತೆ, ಯಾಕೆ ಎಲ್ಲಕ್ಕೂ ಅದೇ ಲೆಕ್ಕ ಅಂತ. ನನಗೂ ಗೊತ್ತಿಲ್ಲ, ಇಬ್ಬರೂ ನೋಡೋಣ ಅಂದ ಸಣ್ಣೀರ. ಹಲಗೆಯ ಮೇಲೆ ಬಳೆಯಷ್ಟು ವೃತ್ತ ಬರೆದು ಇಬ್ಬರೂ ಹಿಗ್ಗಿಸುತ್ತಾ ಹೋದರು. ಅಗಲ ಎರಡರಷ್ಟಾದರೆ ಸುತ್ತಳತೆಯೂ ಎರಡರಷ್ಟು. ಬಳೆಯೇ ದೊಡ್ಡದಾಗಿ ಚಕ್ರವಾಗಿದೆ, ಆಕಾರ ಒಂದೇ, ಅದಕ್ಕೇ ಲೆಕ್ಕವೂ ಒಂದೇ ಅಂತ ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ರಕ್ಕಸನಿಗೆ ಖುಷಿ ತಡೆಯಲಾಗಲಿಲ್ಲ. ಭರಣಿಯನ್ನೇ ಅಡ್ಡ ಮಲಗಿಸಿ ಒಂದು ಸುತ್ತು ಉರುಳಿಸಿಯೂ ನೋಡಿದ. ಒಳಗಿದ್ದ ಮಂತ್ರಿಯ ಮಗ ಅಯ್ಯಯ್ಯೋ ಅಂದ, ಯುವರಾಜ ಅಮ್ಮಾ ಅಂದ. ಭರಣಿ ಮೂರು ಅಗಲ ದಾಟಿ ಒಂದು ಚೂರು ಮುಂದೆ ಹೋಗಿ ನಿಂತಿತು.

ಕೊನೆಯ ಒಗಟಿಗೆ ಮಾತ್ರ ರಕ್ಕಸನ ದನಿ ಸಣ್ಣದಾಯಿತು. “ಎಲ್ಲ ಉತ್ತರ ಬಾಯಲ್ಲಿದೆ, ಒಂದೂ ತಲೆಯಲ್ಲಿಲ್ಲ. ಯಾರವನು?”

ಹಲಗೆ ತಟ್ಟನೆ ಏನೋ ಹೇಳಹೊರಟಿತು. ಸಣ್ಣೀರ ಅದರ ಬಾಯಿಗೆ ಅಂಗೈ ಇಟ್ಟ.

“ನಾನು ರಕ್ಕಸಪ್ಪ. ಗೈಡು ಉರು ಹೊಡೆದೇ ಡುಮ್ಕಿ ಹೊಡೆದವನು.”

“ತಪ್ಪು” ಅಂದ ರಕ್ಕಸ. ಗಿರಿಜಿ ಕಣ್ಣು ಮುಚ್ಚಿಕೊಂಡಳು. “ಅದು ನಾನು. ಏಳನೇ ಕ್ಲಾಸಿನಲ್ಲಿ ಯಾಕೆ ಅಂತ ಕೇಳಿದ್ದಕ್ಕೆ ನನ್ನನ್ನ ಹೊರಗೆ ನಿಲ್ಲಿಸಿದ್ರು ಕಣೋ. ಇವತ್ತಿನವರೆಗೂ ಒಳಗೆ ಕರೀಲಿಲ್ಲ.”

ಗಡಿಗೆಯಂಥ ಆ ಮುಖದ ಮೇಲೆ ನೀರು ಇಳಿಯಿತು. ಸಣ್ಣೀರನಿಗೂ ಅಳು ಬಂತು. ಬಾಯಿಪಾಠ ಮಾಡಿದವನು ಅನ್ನೋದೇ ಉತ್ತರ ಅಲ್ವಾ, ಹಾಗಾದರೆ ನನ್ನ ಉತ್ತರವೂ ಸರಿ ನಿಮ್ಮದೂ ಸರಿ ಅಂದ. ರಕ್ಕಸ ಯೋಚಿಸಿ, ಮೂಗು ಒರೆಸಿಕೊಂಡು, ಹೌದಲ್ಲ ಅಂದ. ಅವನು ಭರಣಿ ತೆರೆದ, ಮಕ್ಕಳನ್ನೂ ಬಿಟ್ಟ. ಗಿರಿಜಿ ಓಡಿಬಂದು ಅಣ್ಣನನ್ನು ತಬ್ಬಿಕೊಂಡಳು.

ದೊರೆ ಅರ್ಧ ರಾಜ್ಯ ಕೊಡುತ್ತೇನೆ ಅಂದ. ಅದೆಲ್ಲ ನನಗೆ ಹೊರಲಾರದ ಭಾರ, ಬೀರುಗಳ ಬೀಗದಕೈ ಕೊಟ್ಟರೆ ಸಾಕು ಅಂತ ಸಣ್ಣೀರ ಕೇಳಿಕೊಂಡ. ಮಾರನೇ ದಿನವೇ ಹಲಗೆಗಳು ಮಕ್ಕಳ ಕೈಗೆ ಬಂದವು. ಸಣ್ಣೀರ ಮತ್ತೆ ಹತ್ತನೇ ಕ್ಲಾಸಿಗೆ ಸೇರಿ, ಆ ವರ್ಷ ಪಾಸಾದ.

ಗಡಿಗೆಮೂತಿ ಶಾಲೆಯ ಬಾಗಿಲವರೆಗೆ ಬಂದು ಅಲ್ಲೇ ನಿಂತುಬಿಟ್ಟಿದ್ದನಂತೆ, ಯಾರಾದರೂ ಕರೆಯಲಿ ಅಂತ. ಗಿರಿಜಿ ಹೋಗಿ ಅವನ ಕಿರುಬೆರಳು ಹಿಡಿದು ಒಳಗೆ ಕರೆದುಕೊಂಡು ಬಂದು ತನ್ನ ಬೆಂಚಿನಲ್ಲೇ ಕೂರಿಸಿದಳು. ಬೆಂಚು ಮುರಿಯಿತು. ಇಬ್ಬರೂ ನೆಲದ ಮೇಲೆ ಕೂತು ಲೆಕ್ಕ ಶುರು ಮಾಡಿದರು.